ಆಮ್ಯಾಲೇನಾತು?

ಹನುಮನಹಳ್ಳಿಯ ಮಗುವಿಗೆ ಹನುಮನ ಕಥೆಯ ಮೊದಲ ಪುಟ ಅಂಗಳದಿಂದಲೇ ಕಾಣುತ್ತದೆ. ಭತ್ತದ ಗದ್ದೆ, ಬಾಳೆಯ ತೋಟ ದಾಟಿದರೆ ಬಂಡೆಗಳ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಸುಣ್ಣ ಬಳಿದ ಗುಡಿ, ಅಲ್ಲಿಗೆ ಹತ್ತಲು 500ಕ್ಕೂ ಹೆಚ್ಚು ಮೆಟ್ಟಿಲು. ಅಂಜನಾದೇವಿ ಹಡೆದದ್ದು ಅಲ್ಲೇ, ಹಸಿದ ಕೂಸು ಮೂಡುವ ಸೂರ್ಯನನ್ನು ಹಣ್ಣೆಂದು ಬಗೆದು ನೆಗೆದದ್ದು ಅಲ್ಲಿಂದಲೇ, ಇಂದ್ರನ ವಜ್ರದ ಏಟಿಗೆ ದವಡೆ ಒಡೆದುಕೊಂಡು ಬಿದ್ದದ್ದೂ ಅಲ್ಲೇ ಎಲ್ಲೋ ಎಂದು ಇಲ್ಲಿಯ ಅವ್ವಂದಿರು, ಅಜ್ಜಿಯರು ಪುಸ್ತಕದ ಹಂಗಿಲ್ಲದೆ ಹೇಳುತ್ತಾರೆ. ಹನುಮ ಹುಟ್ಟಿದ್ದು ತಮ್ಮ ಬೆಟ್ಟದಲ್ಲಿ ಎಂದು ತಿರುಮಲದವರು 2021ರಲ್ಲಿ ಸಾರಿದರು, ಪಂಡಿತರು ವಾದಕ್ಕಿಳಿದರು. ಅಜ್ಜಿಯರಿಗೆ ಅದರ ಚಿಂತೆಯಿಲ್ಲ. ಅವರನ್ನು ಕಾಡುವುದು ಮಗ್ಗುಲಲ್ಲಿ ಮಲಗಿ ಇನ್ನೂ ಕಣ್ಣು ಮುಚ್ಚದ ಮಗು.

“ಆಮ್ಯಾಲೇನಾತು?”

“ಆಮ್ಯಾಲೇನೈತಿ, ದೇವ್ರೆಲ್ಲಾ ಬಂದು ವರಾ ಕೊಟ್ರು. ಕಥಿ ಮುಗೀತು, ಮಕ್ಕೋ.”

“ವರಾ ಕೊಟ್ಟ ಮ್ಯಾಲೆ?”

ಮುಂದಿನ ಕಥೆ ಬೇಕೆನ್ನುವವರು ಯಾವಾಗಲೂ ಮಕ್ಕಳು; ಬೇಕೇ ಎಂದು ಮೂಗು ಮುರಿಯುವವರು ಹಡೆದವರು. ಮಕ್ಕಳ ಚಿತ್ರಪುಸ್ತಕಗಳಲ್ಲಿ ಈ ತಕರಾರು ಇನ್ನಷ್ಟು ಎದ್ದು ಕಾಣುತ್ತದೆ. ಅಲ್ಲಿ ಮುಂದಿನ ಕಥೆ ಎಂದರೆ ದುಡ್ಡು ಕೊಟ್ಟು ತರಬೇಕಾದ, ಗದ್ದೆಯಿಂದ ದಣಿದು ಬಂದ ರಾತ್ರಿ ಗಟ್ಟಿಯಾಗಿ ಓದಿ ಹೇಳಬೇಕಾದ ಇನ್ನೊಂದು ಪುಸ್ತಕ. ಒಂದು ಪುಸ್ತಕ ಮಗುವಿಗೆ ಹಿಡಿಸಿತು. ಅದೇ ಪಾತ್ರದ ಎರಡನೆಯದು ಬಂತು, ಮೂರನೆಯದು ಬಂತು. ಆಗ ಅಪ್ಪ-ಅವ್ವ ಹೇಳುವ ಮಾತುಗಳಿವೆಯಲ್ಲ, ಅವು ಮೇಲ್ನೋಟಕ್ಕೆ ಪುಸ್ತಕದ ವಿಮರ್ಶೆ. ಆದರೆ ಆ ಮಾತುಗಳಡಿಯಲ್ಲಿ ಬೇರೇನೋ ಇದೆ ಎಂಬುದು ನನ್ನ ಗುಮಾನಿ.

ಕರ್ನಾಟಕದಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಗಾಗಿ ರೋಹಿಣಿ ನಿಲೇಕಣಿಯವರು ‘ನೋನಿ’ ಎಂಬ ಹೆಸರಿನಲ್ಲಿ ಬರೆದ, ಏಂಜಿ ಮತ್ತು ಉಪೇಶ್ ಚಿತ್ರ ಬರೆದ ಶೃಂಗೇರಿ ಶ್ರೀನಿವಾಸನ ಪುಸ್ತಕಗಳು. ಮೊದಲ ಕಥೆಯಲ್ಲಿ ಶ್ರೀನಿವಾಸ ವರ್ಷಕ್ಕೊಮ್ಮೆ ಮಾತ್ರ ಕೂದಲು ಕತ್ತರಿಸಿಕೊಳ್ಳುವ ರೈತ. ಆ ದಿನ ಬಂದಿದೆ, ಕತ್ತರಿ ಹಿಡಿಯಲು ಊರಲ್ಲಿ ಯಾರಿಗೂ ಪುರುಸೊತ್ತಿಲ್ಲ. ಇನ್ನೊಂದರಲ್ಲಿ ಅವನ ತೋಟದಲ್ಲಿ ಸಕ್ಕರೆಯಂಥ ಬಾಳೆಹಣ್ಣು. ಆದರೆ ತಿಂದು ತಿಂದು ಎಲ್ಲರಿಗೂ ಸಾಕಾಗಿದೆ, ಕೊಳ್ಳುವವರಿಲ್ಲ. ಮತ್ತೊಂದರಲ್ಲಿ ಅವನು ನಗು ಕಲಿಯಬೇಕಾಗುತ್ತದೆ. ಮೊದಲನೆಯದು ಓದಿಸಿದ ಅಪ್ಪಂದಿರು ಬಿದ್ದು ಬಿದ್ದು ನಗುತ್ತಾರೆ. ಎರಡನೆಯದಕ್ಕೆ ಮುಖ ಸ್ವಲ್ಪ ಬಿಗಿಯುತ್ತದೆ: “ಅದ ಮನಷ್ಯಾ, ಅದ ಊರು. ಹೊಸಾದೇನೈತಿ ಇದರಾಗ?” ಆನೆಗೊಂದಿ, ಹನುಮನಹಳ್ಳಿ, ಸಾಣಾಪುರದ ಕಡೆಯ ಅಪ್ಪನಾದರೆ ಬಾಳೆಹಣ್ಣಿನ ಕಥೆಗೆ ಇನ್ನೊಂದು ಮಾತು ಸೇರಿಸಬಹುದು. ಗೊನೆ ಕಡಿದಾಗ ರೇಟು ಬಿದ್ದುಹೋಗಿದ್ದರೆ ಅದು ಅವನ ಪಾಲಿಗೆ ನಗುವ ಸಂಗತಿಯಲ್ಲ. ಮಗು ನಗುತ್ತದೆ, ಅಪ್ಪ ನಗುವುದಿಲ್ಲ. ಒಂದೇ ಪುಟ, ಒಂದೇ ಚಿತ್ರ. ನನ್ನ ಮಟ್ಟಿಗೆ ಸರಣಿಯಲ್ಲಿ ಹೆಚ್ಚು ತೂಕದ ಪುಸ್ತಕ ಅದೇ, ಮೊದಲಿನದಲ್ಲ.

ದುಡ್ಡಿನ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ಪುಸ್ತಕಕ್ಕೆಂದು ಗಂಗಾವತಿ ಪೇಟೆಗೆ ಹೋದ ಪಾಲಕರು ನೋಟ್‌ಬುಕ್ಕು, ಮಗ್ಗಿ ಪುಸ್ತಕ, ಗೈಡು ತರುತ್ತಾರೆ. ಕಥೆ ಪುಸ್ತಕ ತಂದರೆ ಅದೇ ದೊಡ್ಡದು. ಹಾಗಿರುವಾಗ ಅದೇ ಪಾತ್ರದ ಇನ್ನೊಂದು ಪುಸ್ತಕಕ್ಕೆ ಯಾಕೆ ದುಡ್ಡು ಕೊಡಬೇಕು? ಈ ಪ್ರಶ್ನೆಗೆ ಈಗ ಅರ್ಧ ಉತ್ತರ ಸಿಕ್ಕಿದೆ. 2015ರಲ್ಲಿ ಪ್ರಥಮ್ ಬುಕ್ಸ್ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಇಂಥ ಪುಸ್ತಕಗಳನ್ನು ಮೊಬೈಲಿನಲ್ಲೇ ಪುಕ್ಕಟೆ ಓದಬಹುದು. 2020ರಲ್ಲಿ ರಾಜ್ಯ ಸರ್ಕಾರ ‘ಓದುವ ಬೆಳಕು’ ಕಾರ್ಯಕ್ರಮ ತಂದಾಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಅಲ್ಲಿಗೆ ಬೆಲೆಯ ಮಾತು ಮುಗಿಯಿತು ಎನ್ನೋಣ. ಆದರೂ ಪಾಲಕರ ಅಸಮಾಧಾನ ಹೋಗಲಿಲ್ಲ. ಪುಕ್ಕಟೆ ಸಿಕ್ಕರೂ ಅವರು “ಬ್ಯಾರೆ ಯಾವುದರ ಓದಬಾರದಾ, ಅದನ್ನ ಹಿಡಕೊಂಡು ಕುಂತೀಯಲ್ಲ” ಎನ್ನುತ್ತಾರೆ. ಮಗು ಮುಂದೆ ಹೋಗಬೇಕು, ಹೊಸದು ಕಲಿಯಬೇಕು. ಒಂದೇ ಪಾತ್ರದ ಸುತ್ತ ಸುತ್ತುತ್ತಾ ಉಳಿದರೆ ಅದು ನಿಂತಲ್ಲೇ ನಿಂತಂತೆ ಎಂಬುದು ಅವರ ಲೆಕ್ಕ.

ಈ ಲೆಕ್ಕದಲ್ಲಿ ಒಂದು ಎಡವಟ್ಟಿದೆ. ತಾವು ಚಿಕ್ಕವರಿದ್ದಾಗ ಏನನ್ನು ನೋಡಲು ರಾತ್ರಿಯಿಡೀ ಎಚ್ಚರವಿದ್ದೆವು ಎಂಬುದನ್ನು ಅವರು ಮರೆತಿದ್ದಾರೆ. ಕೊಪ್ಪಳ ಸೀಮೆ ತೊಗಲುಗೊಂಬೆಯ ಸೀಮೆ. ಇದೇ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ, 90 ದಾಟಿದ ವಯಸ್ಸಿನಲ್ಲಿ, 2025ರ ಪದ್ಮಶ್ರೀ ಬಂತು. ಬಿಳಿ ಪರದೆ, ಹಿಂದೊಂದು ದೀಪ, ಬಣ್ಣ ಬಳಿದ ಚರ್ಮದ ಚಿತ್ರಗಳು: ನಮ್ಮೂರುಗಳ ಮೊದಲ ಚಿತ್ರಪುಸ್ತಕ ಅದು. ಇವತ್ತು ರಾಮಾಯಣದ ಪ್ರಸಂಗ, ನಾಳೆ ಭಾರತದ್ದು. ಪ್ರಸಂಗ ಯಾವುದೇ ಇರಲಿ, ನಡುವೆ ಹಾಸ್ಯದ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ ಬಂದೇ ಬರುತ್ತಾರೆ. ಬಂದು ಕುಣಿದು, ಬೈದಾಡಿ, ದೊಡ್ಡವರ ಕಿವಿ ಕೆಂಪಾಗುವ ಮಾತಾಡಿ ಹೋಗುತ್ತಾರೆ. ಮಕ್ಕಳು ಕಾಯುವುದು ಅವರಿಗಾಗಿ. ರಾವಣ ಸಾಯುವುದು ಹೇಗೂ ಗೊತ್ತು. ಕಿಳ್ಳೇಕ್ಯಾತ ಇವತ್ತೂ ಬರುತ್ತಾನಾ ಎಂಬುದೇ ಕುತೂಹಲ. ಬಂದ ಎಂದರೆ ಲೋಕ ನಿನ್ನೆ ಇದ್ದ ಹಾಗೇ ಇದೆ ಎಂದರ್ಥ. ಮಗುವಿಗೆ ಎರಡನೆಯ ಪುಸ್ತಕದಿಂದ ಮೊದಲು ಬೇಕಾದದ್ದು ಈ ಭರವಸೆ. ಹೊಸ ಕಥೆ ಆಮೇಲಿನ ಮಾತು.

ಚಂದಮಾಮ ಓದಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1949ರಿಂದ ಕನ್ನಡದಲ್ಲಿ ಬಂದ ಆ ಮಾಸಪತ್ರಿಕೆಯಲ್ಲಿ ಪ್ರತಿ ತಿಂಗಳೂ ಅದೇ ರಾಜ, ಅದೇ ಸ್ಮಶಾನ, ಅದೇ ಹೆಣ, ಅದೇ ಬೇತಾಳ. ಹೆಗಲ ಮೇಲೆ ಶವ ಹೊತ್ತು ಕತ್ತಿ ಹಿರಿದು ನಡೆವ ತ್ರಿವಿಕ್ರಮನ ಆ ಚಿತ್ರ ಬರೆದ ಶಂಕರ್ ಅವರು 2020ರಲ್ಲಿ ತೀರಿಕೊಂಡಾಗ, ಕಥೆಗಳೆಲ್ಲ ಮರೆತುಹೋಗಿದ್ದವರಿಗೂ ಆ ಚಿತ್ರ ಕಣ್ಣಿಗೆ ಕಟ್ಟಿತು. ಪಾಲಕರು ಆ ಸರಣಿಯ ಬಗ್ಗೆ ತಕರಾರು ತೆಗೆದದ್ದು ಕಡಿಮೆ, ಏಕೆಂದರೆ ಪ್ರತಿ ಕಥೆಯ ಕೊನೆಗೊಂದು ನ್ಯಾಯತೀರ್ಪು ಇರುತ್ತಿತ್ತು. ಆದರೆ ಅಲ್ಲಿ ಒಂದು ಚೋದ್ಯ ನಡೆದಿದೆ. ಸಂಸ್ಕೃತದ ಮೂಲದಲ್ಲಿ ಬೇತಾಳನ ಕಥೆಗಳು 25ಕ್ಕೆ ಮುಗಿಯುತ್ತವೆ. ಕೊನೆಯ ಕಥೆಯಲ್ಲಿ ತಂದೆಯೊಬ್ಬ ಬೇರೊಬ್ಬಳ ಮಗಳನ್ನೂ ಆ ತಂದೆಯ ಮಗ ಅವಳ ತಾಯಿಯನ್ನೂ ಮದುವೆಯಾಗುತ್ತಾರೆ. ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು ಎಂದು ಬೇತಾಳ ಕೇಳುತ್ತಾನೆ. ಅಷ್ಟು ಹೊತ್ತು ಎಲ್ಲಕ್ಕೂ ಉತ್ತರ ಕೊಟ್ಟ ರಾಜ ಅಲ್ಲಿ ಬಾಯಿ ಮುಚ್ಚುತ್ತಾನೆ. ಸರಣಿಯೂ ಅಲ್ಲಿಗೆ ನಿಲ್ಲುತ್ತದೆ. ಹಡೆದವರು ಯಾರು, ಹುಟ್ಟಿದವರು ಯಾರು ಎಂಬ ಪ್ರಶ್ನೆಯಲ್ಲೇ ಅದು ಮುಗಿದದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ. ಚಂದಮಾಮ ಆ ಮೌನವನ್ನು ದೂರ ದೂರ ತಳ್ಳುತ್ತಾ ದಶಕಗಳ ಕಾಲ ಹೊಸ ಹೊಸ ಕಥೆ ಕಟ್ಟಿತು. ರಾಜನಿಗೆ ವಯಸ್ಸಾಗಲಿಲ್ಲ, ಕಳೆದ ತಿಂಗಳ ಕಥೆ ಅವನಿಗೆ ನೆನಪಿರಲಿಲ್ಲ, ಬೇತಾಳನಿಗೂ ಇರಲಿಲ್ಲ.

ನೆನಪಿಲ್ಲದ ಸರಣಿ ಒಂದು ಬಗೆ. ಇನ್ನೊಂದು ಬಗೆಯಲ್ಲಿ ಪಾತ್ರಕ್ಕೆ ಹಿಂದಿನದೆಲ್ಲ ನೆನಪಿದೆ, ಕಾಲ ಸರಿದಿದೆ, ಮೈ ಬದಲಾಗಿದೆ. ಪಾಲಕರ ನಿಜವಾದ ಇಕ್ಕಟ್ಟು ಶುರುವಾಗುವುದು ಈ ಎರಡನೆಯ ಬಗೆಯಲ್ಲಿ.

ಅಲ್ಲಿಗೆ ಹೋಗುವ ಮುಂಚೆ ಬೇರೆಯವರು ಬರೆದ ಮುಂದಿನ ಭಾಗದ ಬಗ್ಗೆ ಒಂದು ಮಾತು. ಮೂಲ ಲೇಖಕ ನಿಲ್ಲಿಸಿದ ಕಥೆಯನ್ನು ಇನ್ನೊಬ್ಬರು ಎತ್ತಿಕೊಂಡರೆ ಓದುಗರು ಒಪ್ಪುವುದಿಲ್ಲ ಎನ್ನುವುದಕ್ಕೆ ಹನುಮನಹಳ್ಳಿಯಿಂದ ಹೊಳೆ ದಾಟಿದರೆ ಸಾಕು, ಸಾಕ್ಷಿ ಸಿಗುತ್ತದೆ. ಗದುಗಿನ ಕುಮಾರವ್ಯಾಸ ಭಾರತವನ್ನು 10 ಪರ್ವಕ್ಕೆ ನಿಲ್ಲಿಸಿದ. ಗದಾಪರ್ವ ಮುಗಿದು ಧರ್ಮರಾಯನಿಗೆ ಪಟ್ಟವಾದರೆ ಅವನ ಕಥೆ ಮುಗಿಯಿತು. ಹಂಪಿಯಲ್ಲಿ ಆಳುತ್ತಿದ್ದ ಕೃಷ್ಣದೇವರಾಯನಿಗೆ ಅದು ಸಾಲಲಿಲ್ಲ. ಮಿಕ್ಕ 8 ಪರ್ವಗಳನ್ನು ತಿಮ್ಮಣ್ಣ ಕವಿಯಿಂದ ಬರೆಸಿದ. ಅದಕ್ಕೆ ‘ಕೃಷ್ಣರಾಯ ಭಾರತ’ ಎಂದೇ ಹೆಸರಾಯಿತು. ರಾಜನ ಅಪ್ಪಣೆ, ರಾಜನ ಹೆಸರು, ವಿಜಯನಗರದ ವೈಭವ ಎಲ್ಲ ಬೆನ್ನಿಗಿದ್ದವು. ಇಂದು ಗಮಕದ ಕಟ್ಟೆಯಲ್ಲಿ ಕುಮಾರವ್ಯಾಸನನ್ನು ಹಾಡುತ್ತಾರೆ. ತಿಮ್ಮಣ್ಣನನ್ನು ಕೇಳಲು ಸಾಹಿತ್ಯ ಚರಿತ್ರೆಯ ಪಾಠಕ್ಕೆ ಹೋಗಬೇಕು. ತಿಮ್ಮಣ್ಣ ಕೆಟ್ಟ ಕವಿ ಎಂದಲ್ಲ. ಯುದ್ಧ ಮುಗಿದ ಮೇಲಿನ ಭಾರತವೆಂದರೆ ಬಾಣದ ಮಂಚದ ಮೇಲಿನ ಭೀಷ್ಮನ ಉಪದೇಶ, ಕಾಡಿಗೆ ಹೋದ ಮುದುಕರು, ತಮ್ಮೊಳಗೇ ಹೊಡೆದಾಡಿ ಸತ್ತ ಯಾದವರು, ಹಿಮಾಲಯದ ದಾರಿಯಲ್ಲಿ ಒಬ್ಬೊಬ್ಬರಾಗಿ ಕುಸಿಯುವ ಪಾಂಡವರು. ಗೆದ್ದವರಿಗೆ ವಯಸ್ಸಾಗುವ ಕಥೆ. ಅದನ್ನು ಯಾರು ಕೇಳಿದರು? ಊರವರು ಕೇಳಲಿಲ್ಲ, ರಾಜ ಕೇಳಿದ.

ಹಾಗೆಂದು ಕನ್ನಡದ ಜನ ವಯಸ್ಸಾದ ನಾಯಕನನ್ನು ಯಾವತ್ತೂ ಒಪ್ಪಲಿಲ್ಲ ಎನ್ನಲಾಗದು. ಒಪ್ಪಿದ ಒಂದು ಜಾಗವಿದೆ, ಅದೂ ಕುಮಾರವ್ಯಾಸನಲ್ಲೇ, ಅರಣ್ಯಪರ್ವದಲ್ಲಿ. ದ್ರೌಪದಿ ಬಯಸಿದ ಸೌಗಂಧಿಕಾ ಪುಷ್ಪ ತರಲು ಭೀಮ ಹೊರಟಿದ್ದಾನೆ. ದಾರಿಗೆ ಅಡ್ಡಲಾಗಿ ಒಂದು ಮುದಿ ಕಪಿ ಮಲಗಿದೆ. ಬಾಲ ಸರಿಸು ಎಂದರೆ, ಕೈಲಾಗದು, ನೀನೇ ಎತ್ತಿ ಇಟ್ಟು ಹೋಗು ಎನ್ನುತ್ತದೆ. ಭೀಮನಿಗೆ ಎತ್ತಲಾಗುವುದಿಲ್ಲ. ಇದಕ್ಕಿಂತ ಒಳ್ಳೆಯ ಮುಂದಿನ ಭಾಗ ನನಗೆ ಗೊತ್ತಿಲ್ಲ. ರಾಮಾಯಣದ ನಾಯಕನೊಬ್ಬ ಒಂದು ಯುಗ ದಾಟಿ ಇನ್ನೊಂದು ಪುಸ್ತಕಕ್ಕೆ ಬಂದಿದ್ದಾನೆ. ಹಾರಿ ಬಂದಿಲ್ಲ, ಮಲಗಿದ್ದಾನೆ. ಗುರುತು ಸಿಕ್ಕ ಮೇಲೆ ಭೀಮ ಕೇಳುವುದು ಪ್ರತಿ ಮಗುವೂ ಕೇಳುವುದನ್ನೇ: ಅಣ್ಣಾ, ಅಂದು ಕಡಲು ದಾಟಿದೆಯಲ್ಲ, ಆ ರೂಪ ಒಮ್ಮೆ ತೋರಿಸು. ಹನುಮನ ಮೊದಲ ಉತ್ತರ ಇಲ್ಲ ಎಂಬುದು. ವ್ಯಾಸಭಾರತದಲ್ಲಿ ಅವನು ಯುಗಗಳ ಗುಣ ಹೇಳಿ, ಆ ಕಾಲವೇ ಬೇರೆ, ಈಗ ಅದನ್ನು ನೋಡಲಾಗದು ಎನ್ನುತ್ತಾನೆ. ತಮ್ಮ ಹಟ ಬಿಡುವುದಿಲ್ಲ. ಕೊನೆಗೆ ತೋರಿಸುತ್ತಾನೆ, ಭೀಮ ನೋಡಲಾರದೆ ಕಣ್ಣು ಮುಚ್ಚುತ್ತಾನೆ. ಅದೇ ಸಾಹಸ ಮತ್ತೆ ಬೇಕು ಎನ್ನುವ ಓದುಗನೂ, ಅದು ಆಗಿಹೋಯಿತು ಎನ್ನುವ ಪಾತ್ರವೂ ಎದುರುಬದುರು ಕೂತು ಮಾತಾಡುವ ಸಂದರ್ಭ ಇದು.

ಹನುಮನಿಗೆ ಭೀಮನ ಬಯಕೆ ಅರ್ಥವಾದದ್ದರಲ್ಲಿ ಆಶ್ಚರ್ಯವಿಲ್ಲ. ತನ್ನದೇ ಕಥೆಯನ್ನು ಅವನು ಒಮ್ಮೆ ಇನ್ನೊಬ್ಬರ ಬಾಯಲ್ಲಿ ಕೇಳಿದವನು. ಕಿಷ್ಕಿಂಧಾಕಾಂಡದ ಕೊನೆಗೆ ಕಪಿಗಳೆಲ್ಲ ಕಡಲ ದಂಡೆಯಲ್ಲಿ ಕೈಚೆಲ್ಲಿ ಕೂತಿವೆ. ಹನುಮ ಒಂದು ಮೂಲೆಯಲ್ಲಿ ಸುಮ್ಮನಿದ್ದಾನೆ. ಋಷಿಗಳ ಶಾಪದಿಂದ ಅವನಿಗೆ ತನ್ನ ಬಲವೇ ಮರೆತಿದೆ. ಆಗ ಮುದುಕ ಜಾಂಬವಂತ ಹತ್ತಿರ ಬಂದು, ನೀನು ಹುಟ್ಟಿದ್ದು ಹೀಗೆ, ಸೂರ್ಯನತ್ತ ನೆಗೆದದ್ದು ಹೀಗೆ ಎಂದು ಹೇಳುತ್ತಾನೆ. ಕೇಳಿದವನು ಬೆಳೆಯುತ್ತಾನೆ, ಹಾರುತ್ತಾನೆ. ಸುಂದರಕಾಂಡ ಎಂಬ ಮುಂದಿನ ಭಾಗ ಶುರುವಾಗಲು ಹಿರಿಯನೊಬ್ಬ ಹಿಂದಿನ ಭಾಗವನ್ನು ಓದಿ ಹೇಳಬೇಕಾಯಿತು. ಇನ್ನೂ ಒಂದು ಸ್ವಾರಸ್ಯ: ಆ ಬಾಲ್ಯ, ಆ ವಜ್ರಾಯುಧ, ದೇವತೆಗಳ ವರ, ಋಷಿಗಳ ಶಾಪ ಎಲ್ಲವೂ ವಿಸ್ತಾರವಾಗಿ ಬರುವುದು ರಾಮಾಯಣದ ಆರಂಭದಲ್ಲಲ್ಲ, ಉತ್ತರಕಾಂಡದಲ್ಲಿ, ಅಗಸ್ತ್ಯರ ಬಾಯಲ್ಲಿ. ಹನುಮನಹಳ್ಳಿಯ ಅವ್ವ ಮೊದಲ ಪುಟವೆಂದು ಹೇಳುವ ಕಥೆಯ ಬಹುಪಾಲು, ಎಲ್ಲ ಮುಗಿದ ಮೇಲೆ ಸೇರಿದ ಕೊನೆಯ ಪುಸ್ತಕದ್ದು. ಆ ಕಾಂಡ ವಾಲ್ಮೀಕಿಯದಲ್ಲ, ಆಮೇಲೆ ಸೇರಿದ್ದು ಎಂದು ಅನೇಕ ವಿದ್ವಾಂಸರು ತಕರಾರು ತೆಗೆದಿದ್ದಾರೆ. ಇರಬಹುದು. ಮುಂದಿನ ಭಾಗ ಬರೆದವರಿಗೆ ಹಿಂದಿನದೂ ಹೆಚ್ಚು ಸ್ಪಷ್ಟವಾಗಿ ಕಂಡಿರಬಹುದು.

ಉತ್ತರಕಾಂಡದ ಹೆಸರೆತ್ತಿದರೆ ನಮ್ಮ ಮನೆಗಳಲ್ಲಿ ಮಾತು ನಿಲ್ಲುತ್ತದೆ. ಮಕ್ಕಳಿಗೆ ತರುವ ರಾಮಾಯಣದ ಚಿತ್ರಪುಸ್ತಕ ಸಾಮಾನ್ಯವಾಗಿ ಪಟ್ಟಾಭಿಷೇಕದ ಬಣ್ಣದ ಪುಟಕ್ಕೆ ಮುಗಿಯುತ್ತದೆ: ನಡುವೆ ರಾಮ ಸೀತೆ, ಸುತ್ತ ತಮ್ಮಂದಿರು, ಕಾಲ ಬಳಿ ಕೈಮುಗಿದ ಹನುಮ. ಅಲ್ಲಿಗೆ ನಿಲ್ಲಿಸಿದವರಲ್ಲಿ ಸಣ್ಣವರಿಲ್ಲ. ತೊರವೆ ರಾಮಾಯಣ ಯುದ್ಧಕಾಂಡಕ್ಕೆ ಮುಗಿಯುತ್ತದೆ. ಜ್ಞಾನಪೀಠ ತಂದುಕೊಟ್ಟ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೂಡ ಅಭಿಷೇಕದ ದರ್ಶನಕ್ಕೇ ಮಂಗಳ ಹಾಡುತ್ತದೆ. ಆದರೂ ಕನ್ನಡದ ಜನಕ್ಕೆ ಆ ಮುಂದಿನ ಕಥೆ ಬಿಟ್ಟಿರಲಾಗಲಿಲ್ಲ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಧರ್ಮರಾಯನ ಅಶ್ವಮೇಧದ ನಡುವೆ ಸೀತಾಪರಿತ್ಯಾಗ, ಕುಶಲವರ ಕಥೆ ಬಂದುಬಿಡುತ್ತದೆ. ರಾಮಾಯಣದ ಮುಂದಿನ ಭಾಗವನ್ನು ಭಾರತದ ಮುಂದಿನ ಭಾಗದೊಳಗೆ ಬಚ್ಚಿಟ್ಟಂತೆ. ಊರೂರಲ್ಲಿ ಹೆಂಗಸರು ಕೇಳಿ ಕಣ್ಣೀರು ಹಾಕಿದ್ದು ಆ ಭಾಗಕ್ಕೆ.

ಹೊಳೆಯಾಚೆ ಹಂಪಿಯ ಹಜಾರರಾಮ ಗುಡಿಗೆ ಹೋದವರು ಇನ್ನೊಂದನ್ನು ಗಮನಿಸಬೇಕು. 15ನೆಯ ಶತಮಾನದ ಆ ಗುಡಿಯ ಗೋಡೆಯೇ ಒಂದು ಚಿತ್ರಪುಸ್ತಕ. ಸಾಲುಸಾಲಾಗಿ ಕೆತ್ತಿದ ರಾಮಾಯಣವನ್ನು ಪ್ರದಕ್ಷಿಣೆ ಹಾಕುತ್ತಾ ಓದಬಹುದು. ಲವಕುಶರ ಕಥೆಯ ಕೆತ್ತನೆ ಇರುವುದು ಪಕ್ಕದ ಚಿಕ್ಕ ದೇವಿ ಗುಡಿಯ ಮೇಲೆ. ಶಿಲ್ಪಿಗಳ ಮನಸ್ಸಲ್ಲಿ ಏನಿತ್ತೆಂದು ಊಹಿಸಿ ಹೇಳಲಾಗದು. ನೋಡುವವನಿಗೆ ಮಾತ್ರ ಕಾಣುವುದು ಇಷ್ಟು: ಅಪ್ಪ ಗೆದ್ದ ಕಥೆ ಅಪ್ಪನ ಗುಡಿಯಲ್ಲಿ, ಅದಾದ ಮೇಲಿನ ಕಥೆ ಅವ್ವನ ಗುಡಿಯಲ್ಲಿ.

ಆ ಕಥೆಯಲ್ಲಿ ನಡೆಯುವುದೇನು? ಕಾಡಿನಲ್ಲಿ ಬೆಳೆದ ಇಬ್ಬರು ಹುಡುಗರು ವಾಲ್ಮೀಕಿಯಿಂದ ರಾಮಾಯಣ ಕಲಿತು, ಸಭೆಗೆ ಬಂದು ರಾಮನೆದುರು ಹಾಡುತ್ತಾರೆ. ಮೊದಲ ಪುಸ್ತಕ ಎರಡನೆಯ ಪುಸ್ತಕದೊಳಗೆ ಒಂದು ಹಾಡಾಗಿ ಬರುತ್ತದೆ. ಅದರ ನಾಯಕನೇ ಕೇಳುಗನಾಗಿ ಕೂತಿದ್ದಾನೆ. ಹಾಡುವವರು ಅವನ ಮಕ್ಕಳು. ಜಾಂಬವಂತ ಹೇಳಿದಾಗ ಹನುಮ ಬೆಳೆದ. ಮಕ್ಕಳು ಹಾಡಿದಾಗ ರಾಮ ಕುಗ್ಗಿದ. ರಾಕ್ಷಸರನ್ನು ಗೆದ್ದವನು ಅಪ್ಪನಾಗಿ ಏನಾದ ಎಂಬುದಕ್ಕೆ ಸಭೆಯೇ ಸಾಕ್ಷಿಯಾಯಿತು. ಮಕ್ಕಳಿಗೆ ಉತ್ತರಕಾಂಡ ಬೇಡ, ಅದರಲ್ಲಿ ದುಃಖ ಜಾಸ್ತಿ ಎಂದು ನಾವು ಹೇಳುತ್ತೇವೆ. ಅಭಿಮನ್ಯು ಸಾಯುವ ಕಥೆಯನ್ನು ಹೇಳುವಾಗ ನಮಗೆ ಈ ಕಾಳಜಿ ಇರುವುದಿಲ್ಲ. ದುಃಖಕ್ಕಿಂತ ಹೆಚ್ಚಾಗಿ ನಮ್ಮನ್ನು ಹಿಂಜರಿಸುವುದು, ಅಲ್ಲಿ ತಪ್ಪು ಮಾಡುವವನು ಅಪ್ಪ ಎಂಬ ಸಂಗತಿ.

ಮುಂದಿನ ಭಾಗದ ಬಗ್ಗೆ ಪಾಲಕರ ಬೇಸರಕ್ಕೆ ಬುಡ ಇಲ್ಲಿದೆ ಎಂದು ನನಗನ್ನಿಸುತ್ತದೆ. ಮೊದಲ ಪುಸ್ತಕದಲ್ಲಿ ನಾಯಕ ಮಗುವಿನ ಪರ: ಸಣ್ಣವನು, ಚುರುಕು, ದೊಡ್ಡವರ ಲೋಕವನ್ನು ಮೀರುವವನು. ಕಾಲ ಸರಿಯುವ ನಿಜವಾದ ಮುಂದಿನ ಭಾಗದಲ್ಲಿ ಅವನು ದೊಡ್ಡವರ ಕಡೆಗೆ ದಾಟಿರುತ್ತಾನೆ. ಬಿಯಾಟ್ರಿಕ್ಸ್ ಪಾಟರ್ ಬರೆದ ಪೀಟರ್ ಮೊಲ 1902ರಲ್ಲಿ ಅವ್ವನ ಮಾತು ಮೀರಿ ತೋಟಕ್ಕೆ ನುಗ್ಗಿದ ಪೋರ. 1909ರ ಪುಸ್ತಕದ ಹೊತ್ತಿಗೆ ತಾನೇ ಅವ್ವನ ಜೊತೆ ಸಸಿ ಬೆಳೆಸುವ ಗೃಹಸ್ಥ, ಅಪಾಯಕ್ಕೆ ಸಿಕ್ಕುವವರು ಅವನ ತಂಗಿಯ ಮರಿಗಳು. ಜೂಲಿಯಾ ಡೊನಾಲ್ಡ್‌ಸನ್ ಬರೆದು ಆಕ್ಸೆಲ್ ಶೆಫ್ಲರ್ ಚಿತ್ರಿಸಿದ ಗ್ರಫಲೋ ಇನ್ನೂ ಹತ್ತಿರದ ಉದಾಹರಣೆ. 1999ರ ಮೊದಲ ಪುಸ್ತಕದಲ್ಲಿ ಒಂದು ಪುಟ್ಟ ಇಲಿ ಬುದ್ಧಿಯಿಂದ ಆ ಭಾರೀ ಪ್ರಾಣಿಯನ್ನು ಹೆದರಿಸಿ ಓಡಿಸುತ್ತದೆ. 2004ರಲ್ಲಿ ಬಂದ ಎರಡನೆಯದರಲ್ಲಿ ಗ್ರಫಲೋ ಅಪ್ಪನಾಗಿದ್ದಾನೆ. ಕಾಡಿಗೆ ಹೋಗಬೇಡ, ಅಲ್ಲೊಂದು ಭಯಂಕರ ಇಲಿಯಿದೆ ಎಂದು ಮಗಳಿಗೆ ಹೇಳುತ್ತಾನೆ. ಅವನ ನೆನಪಲ್ಲಿ ಇಲಿ ಗುಡ್ಡದಷ್ಟು ಬೆಳೆದಿದೆ. ಮಗಳು ಹಿಮದ ರಾತ್ರಿ ಎದ್ದು ಹೊರಟೇ ಬಿಡುತ್ತಾಳೆ, ಅಪ್ಪ ಹೇಳಿದ್ದು ನಿಜವೋ ನೋಡಲು. ಮಗು ಇದನ್ನು ಓದಿ ನಗುವುದು ಯಾರನ್ನು ನೋಡಿ? ಓದಿ ಹೇಳುತ್ತಿರುವ ಅಪ್ಪನಿಗೆ ಅದು ತಿಳಿಯದೆ ಇರುವುದಿಲ್ಲ. “ಮೊದಲಿನ ಪುಸ್ತಕ ಛೊಲೋ ಇತ್ತು” ಎಂದು ಅವನು ಪುಟ ಮಡಚಿದರೆ ತಪ್ಪು ತಿಳಿಯಬಾರದು. ಮೊದಲಿನದರಲ್ಲಿ ಅವನಿರಲಿಲ್ಲ.

ಶೃಂಗೇರಿ ಶ್ರೀನಿವಾಸನ ಬಾಳೆಹಣ್ಣು ಗಂಗಾವತಿ ಕಡೆಯ ಅಪ್ಪನಿಗೆ ಕಹಿಯಾದದ್ದೂ ಇದೇ ಕಾರಣಕ್ಕೆ. ಕೂದಲಿನ ಕಥೆಯಲ್ಲಿ ಶ್ರೀನಿವಾಸ ಒಬ್ಬ ತಮಾಷೆಯ ಮನುಷ್ಯ. ಬಾಳೆಹಣ್ಣಿನ ಕಥೆಯಲ್ಲಿ ಅವನು ರೈತ, ಬೆಳೆದದ್ದು ಮಾರಾಟವಾಗದ ರೈತ. ಚಿತ್ರದಲ್ಲಿ ಉದ್ದ ಕೂದಲು ಹಾಗೇ ಇದೆ, ಬಣ್ಣ ಹಾಗೇ ಇದೆ, ಕೊನೆಗೆ ದಾರಿಯೂ ಸಿಗುತ್ತದೆ. ಮಗು ಗುರುತು ಹಿಡಿಯುವುದು ಶ್ರೀನಿವಾಸನನ್ನು, ಅಪ್ಪ ಗುರುತು ಹಿಡಿಯುವುದು ತನ್ನನ್ನು.

ಇದಕ್ಕೆ ತೀರಾ ಬೇರೆಯ ಇನ್ನೊಂದು ಪ್ರಸಂಗವಿದೆ. ವಿ. ಗಾಯತ್ರಿ ಅವರ ಅನುವಾದದಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ತಂದ ‘ತೊತ್ತೋಚಾನ್’ ಕನ್ನಡದ ಮೇಷ್ಟರುಗಳ, ಅವ್ವ-ಅಪ್ಪಂದಿರ ಕೈಯಲ್ಲಿ ಬಹಳ ಓಡಾಡಿದ ಪುಸ್ತಕ. ಜಪಾನಿನಲ್ಲಿ ಅದು ಬಂದದ್ದು 1981ರಲ್ಲಿ. ಚಿತ್ರಗಳು ಅದಕ್ಕೂ ಮೊದಲೇ, 1974ರಲ್ಲಿ, ತೀರಿಹೋಗಿದ್ದ ಚಿಹಿರೋ ಇವಾಸಾಕಿ ಅವರವು. ಕೊನೆಗೆ ರೈಲುಡಬ್ಬಿಗಳಲ್ಲಿ ನಡೆಯುತ್ತಿದ್ದ ತೊಮೋಯೆ ಶಾಲೆ ಬಾಂಬಿನ ಬೆಂಕಿಗೆ ಉರಿದುಹೋಗುತ್ತದೆ; ಊರು ಬಿಟ್ಟು ಹೋಗುವವರಿಂದ ಕಿಕ್ಕಿರಿದ ರೈಲಿನಲ್ಲಿ ಅಲ್ಲಿ ಓದುತ್ತಿದ್ದ ಹುಡುಗಿ ತೊತ್ತೋಚಾನ್ ಉತ್ತರದ ಕಡೆಗೆ ಹೊರಡುತ್ತಾಳೆ. ಆ ರೈಲು ಎಲ್ಲಿಗೆ ಹೋಯಿತು? ಲೇಖಕಿ ತೆತ್ಸುಕೋ ಕುರೊಯಾನಗಿ ಅದನ್ನು ಹೇಳಲು 42 ವರ್ಷ ತೆಗೆದುಕೊಂಡರು. ಮುಂದಿನ ಪುಸ್ತಕ 2023ರ ಅಕ್ಟೋಬರಿನಲ್ಲಿ ಬಂದಾಗ ಅವರಿಗೆ 90 ವರ್ಷ. ಯುದ್ಧದ ಹಸಿವು, ಅವ್ವನ ಜೊತೆ ಪರ ಊರಿನ ಬಾಳು, ಬೆಳೆದು ದೊಡ್ಡವಳಾದದ್ದು ಎಲ್ಲ ಅದರಲ್ಲಿದೆ.

ಈ ಪುಸ್ತಕದ ಬಗ್ಗೆ ಪಾಲಕರ ಅಭಿಪ್ರಾಯ ಕೇಳಿದರೆ ಮಗುವಿಗೆ ಒಳ್ಳೆಯದೋ ಕೆಟ್ಟದ್ದೋ, ಪುಕ್ಕಟೆಯೋ ದುಬಾರಿಯೋ ಎಂಬ ಮಾತು ಮೊದಲಿಗೆ ಬರುವುದಿಲ್ಲ. ಬರುವುದು, ಕೊನೆಗೂ ಆ ಹುಡುಗಿ ಬದುಕಿದಳಾ, ಏನು ತಿಂದಳು, ಅವಳ ಅವ್ವ ಹೇಗೆ ನಿಭಾಯಿಸಿದಳು ಎಂಬ ವಿಚಾರಣೆ. ಮೊದಲ ಪುಸ್ತಕ ಓದಿದಾಗ ಅವರೇ ಮಕ್ಕಳು. ರೈಲು ಹೊರಟ ಪುಟ ಮುಚ್ಚಿಟ್ಟು, ಶಾಲೆ ಮುಗಿಸಿ, ಮದುವೆಯಾಗಿ, ಮಕ್ಕಳನ್ನು ಹಡೆದು, ಆ ಮಕ್ಕಳಿಗೆ ಅದೇ ಪುಸ್ತಕ ಓದಿ ಹೇಳಿ, ಕೊನೆಯ ಪುಟಕ್ಕೆ ಬಂದಾಗ “ಆಮ್ಯಾಲೇನಾತು?” ಎಂಬ ಪ್ರಶ್ನೆಗೆ “ಗೊತ್ತಿಲ್ಲವಾ” ಎಂದು ಹೇಳಿದವರು. ಅಂಥ ತಾಯಿಯೊಬ್ಬಳ ಮಗಳು ಈಗ ಎರಡನೆಯ ಪುಸ್ತಕ ಕೇಳದಿದ್ದರೂ ತಾಯಿ ಅದನ್ನು ತರಿಸಿಕೊಳ್ಳುತ್ತಾಳೆ. ಮೊದಲು ತಾನೇ ಓದುತ್ತಾಳೆ, ಮಗಳಿಗೆ ಎಷ್ಟು ಹೇಳಬೇಕೆಂದು ಆಮೇಲೆ ಯೋಚಿಸುತ್ತಾಳೆ. ಮಗಳೋ, ಇನ್ನೂ ರೈಲುಡಬ್ಬಿಯ ಶಾಲೆಯ ಪುಟದಲ್ಲೇ ಇದ್ದಾಳೆ. ಅದನ್ನೇ ಇನ್ನೊಮ್ಮೆ ಓದು ಎನ್ನುತ್ತಾಳೆ.